ಆನ್ ಆದ ತಕ್ಷಣ ರಿಪೇರಿ ಆಯ್ತು ಅಂತಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವುದರ ಬಗ್ಗೆ ಹೋದ ವಾರ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಯೂಟ್ಯೂಬ್ ನೋಡಿ ನೀವೇ ಮಾಡಿ, ಖರ್ಚು ಉಳಿಸಿ ಅಂತ ಅದರಲ್ಲಿತ್ತು. ಉಳಿಸಲಿ, ಬೇಡ ಅನ್ನುವವನು ನಾನಲ್ಲ. ಆದರೆ ಯಾವ ವಿಡಿಯೋ ನಂಬಬೇಕು, ಯಾವುದನ್ನು ಬಿಡಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಆದಷ್ಟು ಹಾಕಿ.

ನಾನು ದಾವಣಗೆರೆಯಲ್ಲಿ 22 ವರ್ಷದಿಂದ ಮಿಕ್ಸಿ, ಫ್ಯಾನ್, ಗೀಸರ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಹೋದ ಡಿಸೆಂಬರ್‌ನಲ್ಲಿ ಒಬ್ಬ ತಾಯಿ, ಡಿಗ್ರಿ ಓದುವ ಮಗ ಇಬ್ಬರೂ ಒಂದು ಗೀಸರನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ತಂದರು. 15 ಲೀಟರ್‌ದು. 'ಒಳಗೆ ಗೊರಗೊರ ಅಂತ ಶಬ್ದ ಬರ್ತಿತ್ತು ಅಣ್ಣಾ, ನಲ್ಲಿ ತಿರುಗಿಸಿದ್ರೆ ನೀರಿನ ಬದಲು ಬರೀ ಹಬೆ ಬಂತು, ನಂಗೆ ಹೆದರಿಕೆ ಆಗಿ ಮೇನ್ ಸ್ವಿಚ್ಚೇ ತೆಗೆದುಬಿಟ್ಟೆ' ಅಂದರು ಆ ತಾಯಿ. ಕೆಳಗಿನ ಮುಚ್ಚಳ ಬಿಚ್ಚಿ ನೋಡಿದೆ. ನೀರು ಅತಿಯಾಗಿ ಕಾದರೆ ಕರೆಂಟ್ ಕತ್ತರಿಸುವ ಥರ್ಮಲ್ ಕಟ್‌ಔಟ್‌ಗೆ ಹೋಗಬೇಕಾದ ಎರಡು ವೈರ್‌ಗಳನ್ನು ಬಿಡಿಸಿ, ಒಂದಕ್ಕೊಂದು ತಿರುಚಿ, ಕರಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ಜಿಗುಟಾಗಿತ್ತು. ಸುಟ್ಟ ವಾಸನೆ ಅಂಗಡಿ ತುಂಬಾ ಹರಡಿತು.

ಇದನ್ನು ಯಾರಪ್ಪಾ ಮಾಡಿದ್ದು ಅಂತ ಕೇಳಿದೆ. ಹುಡುಗ ಸುಮ್ನೆ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟ. ಮೂರು ನಿಮಿಷವೂ ಇಲ್ಲದ ಹಿಂದಿ ವಿಡಿಯೋ. ಲಕ್ಷಗಟ್ಟಲೆ ಜನ ನೋಡಿದ್ದಾರೆ. 'ಗೀಸರ್ ಬಿಸಿಯಾಗುತ್ತಿಲ್ಲವಾ, ಹೀಗೆ ಮಾಡಿ' ಅಂತ ಎರಡು ವೈರ್ ಸೇರಿಸುತ್ತಾನೆ, ಸ್ವಿಚ್ ಹಾಕುತ್ತಾನೆ, ಕೆಂಪು ದೀಪ ಹತ್ತುತ್ತದೆ, ವಿಡಿಯೋ ಮುಗಿಯುತ್ತದೆ.

ಗೀಸರ್‌ನಲ್ಲಿ ಇಬ್ಬರು ಕಾವಲುಗಾರರು ಇರುತ್ತಾರೆ. ನೀರು ಸಾಕಷ್ಟು ಬಿಸಿಯಾದಾಗ ಕರೆಂಟ್ ನಿಲ್ಲಿಸುವುದು ಥರ್ಮೋಸ್ಟ್ಯಾಟ್. ಅದು ಕೈಕೊಟ್ಟರೆ, ನೀರು ಮಿತಿಮೀರಿ ಕಾಯುವ ಮೊದಲೇ ಲೈನ್ ಕತ್ತರಿಸುವುದು ಥರ್ಮಲ್ ಕಟ್‌ಔಟ್. ಈ ಗೀಸರ್‌ನಲ್ಲಿ ಥರ್ಮೋಸ್ಟ್ಯಾಟ್‌ನ ಪಾಯಿಂಟ್ ಅಂಟಿಕೊಂಡು ಕರೆಂಟ್ ನಿಲ್ಲದಂತೆ ಆಗಿಬಿಟ್ಟಿತ್ತು. ನೀರು ಕಾಯುತ್ತಲೇ ಹೋಯಿತು, ಕಟ್‌ಔಟ್ ಲೈನ್ ಕತ್ತರಿಸಿತು. ಅಂದರೆ ಕಟ್‌ಔಟ್ ಹಾಳಾಗಿರಲಿಲ್ಲ, ತನ್ನ ಕೆಲಸ ಮಾಡಿತ್ತು. ಹುಡುಗ ಅದನ್ನೇ ತೆಗೆದುಹಾಕಿದ. ಇನ್ನು ಉಳಿದಿದ್ದು ಹೊರಗಿನ ಸೇಫ್ಟಿ ವಾಲ್ವ್ ಒಂದೇ. ಅದನ್ನು ಬಿಚ್ಚಿ ನೋಡಿದರೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಗಟ್ಟಿಯಾಗಿ ಕೂತಿತ್ತು. ಒಳಗೆ ಹಬೆ, ಹೊರಗೆ ಹೋಗಲು ದಾರಿಯಿಲ್ಲ, ಗೀಸರ್ ಇರುವುದು ಸ್ನಾನ ಮಾಡುವವರ ತಲೆಯ ಮೇಲೆ. ಆ ತಾಯಿಗೆ ಮೇನ್ ಸ್ವಿಚ್ ತೆಗೆಯಬೇಕು ಅಂತ ಹೊಳೆಯದಿದ್ದರೆ? ನೆನೆಸಿಕೊಂಡರೆ ಈಗಲೂ ನನಗೆ ಎದೆ ಝಲ್ ಅನ್ನುತ್ತದೆ.

ಹುಡುಗನಿಗೆ ನಾನು ಬೈಯಲಿಲ್ಲ. ಅಪ್ಪ ಊರಲ್ಲಿಲ್ಲ, ಅಮ್ಮನಿಗೆ ತಣ್ಣೀರು ಆಗಿಬರುವುದಿಲ್ಲ, ತಾನೇ ಸರಿ ಮಾಡೋಣ ಅಂತ ಹೊರಟಿದ್ದಾನೆ. ಅದರಲ್ಲಿ ತಪ್ಪೇನಿದೆ? ಆ ವಿಡಿಯೋವನ್ನು ಮಾತ್ರ ನಾನು ಎರಡನೇ ಸಲ, ಶಬ್ದ ಜೋರು ಮಾಡಿ ನೋಡಿದೆ. ಕೊನೆಗೆ ಆತ ಒಂದು ಮಾತು ಹೇಳುತ್ತಾನೆ, ಇದು ಟೆಸ್ಟ್ ಮಾಡೋದಕ್ಕೆ ಮಾತ್ರ, ಆಮೇಲೆ ಹೊಸ ಕಟ್‌ಔಟ್ ಹಾಕಿಸಿ ಅಂತ. ಗಡಿಬಿಡಿಯಲ್ಲಿ, ಹಾಡಿನ ಮಧ್ಯೆ, ಒಂದೇ ಸಲ. ಹುಡುಗನಿಗೆ ಹಿಂದಿ ಅಷ್ಟಾಗಿ ಬರುವುದಿಲ್ಲ. ಅವನು ಕೈ ನೋಡಿಕೊಂಡು ಮಾಡಿದ್ದ, ಮಾತು ಅವನ ಕಿವಿಗೆ ಬಿದ್ದಿರಲೇ ಇಲ್ಲ. ನಮ್ಮ ಜನ ಬಹಳಷ್ಟು ವಿಡಿಯೋಗಳನ್ನು ಹೀಗೇ ನೋಡುತ್ತಾರೆ. ಹಿಂದಿ, ತಮಿಳು, ಇಂಗ್ಲಿಷ್, ಯಾವುದಾದರೂ ಸರಿ, ಕೈ ಕಾಣಿಸಿದರೆ ಸಾಕು ಅಂತ. ಎಚ್ಚರಿಕೆ ಇರುವುದು ಮಾತಿನಲ್ಲಿ ಅಲ್ವಾ? ಮಾತು ಅರ್ಥವಾಗದ ವಿಡಿಯೋ ನೋಡಿ ಕರೆಂಟಿನ ವಸ್ತು ಮುಟ್ಟಬೇಡಿ ಅಂತ ನಾನು ಈಗ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಮಾತೂ ಹೇಳುತ್ತೇನೆ, ವಿಡಿಯೋ ಎಲ್ಲಿಗೆ ಮುಗಿಯುತ್ತದೆ ಅಂತ ನೋಡಿ. ಗೀಸರ್ ರಿಪೇರಿ ಆಯಿತು ಅಂತ ಗೊತ್ತಾಗುವುದು ಅದು ಆನ್ ಆದಾಗ ಅಲ್ಲ, ನೀರು ಕಾದ ಮೇಲೆ ತಾನಾಗಿ ಆಫ್ ಆದಾಗ. ದೀಪ ಹತ್ತಿದ ಕೂಡಲೇ ಮುಗಿಯುವ ವಿಡಿಯೋ ಏನನ್ನೂ ಸಾಬೀತು ಮಾಡಿಲ್ಲ. ಮಿಕ್ಸಿಗೆ ಹೊಸ ಕಾರ್ಬನ್ ಬ್ರಷ್ ಹಾಕಿದರೆ ಖಾಲಿ ಜಾರ್ ತಿರುಗಿಸಿ ತೋರಿಸಿದರೆ ಸಾಲದು, ನೆನೆಸಿದ ಉದ್ದಿನಬೇಳೆ ಹಾಕಿ ರುಬ್ಬಿ ತೋರಿಸಲಿ. ಸೋರುವ ಪೈಪಿಗೆ ಏನೋ ಬಳಿದರೆ ಮಾರನೇ ದಿನ ಅದು ಹೇಗಿದೆ ಅಂತಲೂ ತೋರಿಸಲಿ.

ಇವನ ವ್ಯಾಪಾರ ಕಡಿಮೆಯಾಗಿದೆ, ಅದಕ್ಕೇ ವಿಡಿಯೋ ಮೇಲೆ ಸಿಟ್ಟು ಅಂತ ಯಾರಾದರೂ ಅಂದುಕೊಳ್ಳಬಹುದು. ಹಾಗಿಲ್ಲ. ಇಂಡಕ್ಷನ್ ಒಲೆಯ ಬೋರ್ಡ್ ರಿಪೇರಿಯನ್ನು ನಾನು ಕಲಿತಿದ್ದೇ ವಿಡಿಯೋ ನೋಡಿ. ಮಿಕ್ಸಿ ನಡುವೆ ನಿಂತುಹೋಯಿತು ಅಂತ ಎಷ್ಟೋ ಜನ ಬಸ್ ಹತ್ತಿಕೊಂಡು ನನ್ನ ಹತ್ತಿರ ಬರುತ್ತಾರೆ. ಮಿಕ್ಸಿಯ ತಳದಲ್ಲಿ ಒಂದು ಪುಟ್ಟ ಬಟನ್ ಇರುತ್ತದೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಲೋಡ್ ಜಾಸ್ತಿಯಾದಾಗ ಅದು ಟ್ರಿಪ್ ಆಗುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಒತ್ತಿದರೆ ಮುಗಿಯಿತು. ಇದನ್ನು ತಿಳಿಸಿಕೊಡುವ ವಿಡಿಯೋ ಮಾಡಿದವರಿಗೆ ಪುಣ್ಯ ಬರಲಿ.

ಫ್ಯಾನಿನ ವಿಷಯದಲ್ಲೂ ಒಳ್ಳೆಯದು ಕೆಟ್ಟದ್ದು ಎರಡೂ ಒಟ್ಟಿಗೇ ಸಿಗುತ್ತವೆ. ಫ್ಯಾನ್ ಗುಂಯ್ ಅಂತ ಶಬ್ದ ಮಾಡುತ್ತದೆ, ತಿರುಗುವುದಿಲ್ಲ, ಕೋಲಿನಿಂದ ತಳ್ಳಿದರೆ ಮೆಲ್ಲಗೆ ತಿರುಗುತ್ತದೆ ಅಂದರೆ ಬಹಳ ಸಲ ಕಂಡೆನ್ಸರ್ (ಮೋಟಾರ್ ತಿರುಗಲು ಶುರುಮಾಡಿಸುವ ಪುಟ್ಟ ಡಬ್ಬಿ) ಹೋಗಿರುತ್ತದೆ. ಒಬ್ಬ ಹುಡುಗ ಮಾಡಿದ ವಿಡಿಯೋ ನನಗೆ ತುಂಬಾ ಹಿಡಿಸಿತು. ಮೊದಲು ಮೇನ್ ಆಫ್ ಮಾಡಿದ, ರೆಕ್ಕೆಯನ್ನು ಕೈಯಿಂದ ತಿರುಗಿಸಿ ಬೇರಿಂಗ್ ಬಿಗಿಯಾಗಿಲ್ಲ ಅಂತ ಖಾತ್ರಿ ಮಾಡಿಕೊಂಡ, ಆಮೇಲೆ ಹಳೆ ಕಂಡೆನ್ಸರ್ ಮೇಲೆ ಬರೆದಿದ್ದ 2.5 ಮೈಕ್ರೋಫ್ಯಾರಡ್ ಅನ್ನುವುದನ್ನು ಕ್ಯಾಮೆರಾಗೆ ಹತ್ತಿರ ಹಿಡಿದು, 'ಇಷ್ಟೇ ಇರುವುದನ್ನು ಹಾಕಿ' ಅಂದ. ಅದೇ ಫ್ಯಾನಿಗೆ ದೊಡ್ಡ ಕಂಡೆನ್ಸರ್ ಹಾಕಿ, ಗಾಳಿ ರಭಸವಾಗಿ ಬರುತ್ತದೆ ಅನ್ನುವ ವಿಡಿಯೋಗಳೂ ಇವೆ. ಹಾಗೆ ಮಾಡಿದರೆ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿ ಸುರುಳಿ, ಬಿಸಿಯಾಗಿ ಫ್ಯಾನ್ ಕೊನೆಗೆ ನನ್ನ ಅಂಗಡಿಗೇ ಬರುತ್ತದೆ. ಮೊದಲನೆಯವನು ಯಾಕೆ ಹಾಳಾಯಿತು, ತನಗೆ ಹೇಗೆ ಗೊತ್ತಾಯಿತು ಅಂತ ಹೇಳಿದ. ಎರಡನೆಯವರು ಏನು ಹಾಕಬೇಕು ಅಂತ ಮಾತ್ರ ಹೇಳುತ್ತಾರೆ. ನಾನು ವಿಡಿಯೋ ಅಳೆಯುವುದು ಹೆಚ್ಚಾಗಿ ಇದೊಂದರಿಂದಲೇ.

ಆ ವಿಡಿಯೋ ಯಾವ ದೇಶದ್ದು ಅನ್ನುವುದನ್ನೂ ನೋಡಬೇಕು. ಅಮೆರಿಕದ ಮನೆಗಳಲ್ಲಿ ಕರಿ ವೈರ್ ಅಂದರೆ ಫೇಸ್ (ಕರೆಂಟ್ ಬರುವ ವೈರ್), ಬಿಳಿ ವೈರ್ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್), ಕರೆಂಟು 120 ವೋಲ್ಟ್. ನಮ್ಮ ಮನೆಗಳ ವೈರಿಂಗ್‌ನಲ್ಲಿ ಕರಿ ವೈರ್ ನ್ಯೂಟ್ರಲ್, ಕೆಂಪು ಫೇಸ್, ಕರೆಂಟು 230 ವೋಲ್ಟ್. ಪೂರ್ತಿ ಉಲ್ಟಾ! ಅಲ್ಲಿಯ ವಿಡಿಯೋ ನೋಡಿ ಇಲ್ಲಿ ಬಲ್ಬ್ ಹೋಲ್ಡರ್ ಬದಲಿಸಲು ಹೋದವನ ಗತಿ ಏನು? ನಮ್ಮಲ್ಲೇ ಗೊಂದಲ ಕಡಿಮೆ ಇಲ್ಲ. ಈಗಿನ ಮಿಕ್ಸಿ, ಫ್ರಿಜ್ ಕಾರ್ಡ್‌ಗಳಲ್ಲಿ ಕಂದು ವೈರ್ ಫೇಸ್, ನೀಲಿ ನ್ಯೂಟ್ರಲ್. ಅದೇ ಮೂರು ಫೇಸ್ ಇರುವ ಮನೆಗಳಲ್ಲಿ ನೀಲಿ ವೈರೂ ಒಂದು ಫೇಸ್ ಆಗಿರುತ್ತದೆ. ಹಾಗಾಗಿ ಬಣ್ಣ ನೋಡಿ ಕೈ ಇಡಬೇಡಿ. ಮೇನ್ ತೆಗೆಯಿರಿ, ಆಮೇಲೂ ಟೆಸ್ಟರ್ ಇಟ್ಟು ನೋಡಿ, ಆ ಟೆಸ್ಟರ್ ಸರಿಯಾಗಿದೆಯಾ ಅಂತ ಮೊದಲೇ ಕರೆಂಟಿರುವ ಪ್ಲಗ್ಗಿಗೆ ಹಾಕಿ ನೋಡಿರಿ. ಮೇನ್ ತೆಗೆಯುವುದನ್ನು ತೋರಿಸದ ವಿಡಿಯೋ ಕಂಡರೆ ನಾನು ಅಲ್ಲೇ ನಿಲ್ಲಿಸುತ್ತೇನೆ, ಮುಂದೆ ನೋಡುವುದಿಲ್ಲ.

ವಿಡಿಯೋ ಯಾವ ವರ್ಷದ್ದು, ಯಾವ ಮಾಡೆಲ್‌ನದ್ದು ಅನ್ನುವುದೂ ಮುಖ್ಯ. ಹಳೆ ಫ್ರಿಜ್‌ಗಳಲ್ಲಿ ಆರ್-134ಎ ಗ್ಯಾಸ್ ಇರುತ್ತಿತ್ತು, ಅದು ಸುಲಭವಾಗಿ ಹೊತ್ತಿಕೊಳ್ಳುವಂಥದ್ದಲ್ಲ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೋಬ್ಯುಟೇನ್, ನಮ್ಮ ಅಡುಗೆ ಗ್ಯಾಸಿನ ಜಾತಿಯದ್ದೇ. ಹಳೆ ಫ್ರಿಜ್‌ನ ಪೈಪಿಗೆ ಬೆಂಕಿ ಹಿಡಿದು ಬೆಸುಗೆ ಹಾಕುವ ವಿಡಿಯೋ ನೋಡಿ ಹೊಸ ಫ್ರಿಜ್‌ಗೆ ಹಾಗೇ ಮಾಡಲು ಹೋದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಷ್ಟು ಜನ ನೋಡಿದ್ದಾರೆ, ಸುಳ್ಳಾಗಿರುತ್ತಾ ಅಂತ ಗಿರಾಕಿಗಳು ನನ್ನನ್ನು ಕೇಳುತ್ತಾರೆ. ನೋಡಿದವರಲ್ಲಿ ಎಷ್ಟು ಜನ ಮಾಡಿದರು, ಮಾಡಿದವರಿಗೆ ಏನಾಯಿತು ಅಂತ ಆ ಸಂಖ್ಯೆ ಹೇಳುವುದಿಲ್ಲವಲ್ಲ. ಮೊದಲು ಎಷ್ಟು ಜನಕ್ಕೆ ಇಷ್ಟವಾಗಲಿಲ್ಲ ಅನ್ನುವ ಲೆಕ್ಕವಾದರೂ ಕಾಣುತ್ತಿತ್ತು, 2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಅದನ್ನೂ ಜನರ ಕಣ್ಣಿನಿಂದ ಮರೆಮಾಡಿತು. ಕಾಮೆಂಟ್ ಓದುವುದಾದರೆ ಹೊಸದರಿಂದ ಓದಿ, 'ಸೂಪರ್ ಸಾರ್' ಅನ್ನುವವುಗಳನ್ನು ಬಿಟ್ಟು, ಮಾಡಿ ನೋಡಿ ತಿಂಗಳಾದ ಮೇಲೆ ಬಂದು ಬರೆದವರನ್ನು ಹುಡುಕಿ. ಅದೂ ಪೂರ್ತಿ ನಂಬುವಂಥದ್ದಲ್ಲ, ವಿಡಿಯೋ ಹಾಕಿದವರು ಬೇಡದ ಕಾಮೆಂಟ್ ಅಳಿಸಬಹುದು.

ಯೂಟ್ಯೂಬಿನವರೇ ಕೆಟ್ಟದ್ದನ್ನು ತೆಗೆದುಹಾಕುತ್ತಾರೆ ಅಂತಲೂ ನೆಚ್ಚಿಕೊಂಡು ಕೂರಬೇಡಿ. ಮೈಕ್ರೋವೇವ್ ಓವನ್‌ನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮರದ ಹಲಗೆ ಮೇಲೆ ಕರೆಂಟಿನಿಂದ ಚಿತ್ತಾರ ಸುಡುವ ವಿಡಿಯೋಗಳನ್ನು ನೋಡಿ, ಹಾಗೇ ಮಾಡಲು ಹೋಗಿ ಅಮೆರಿಕದಲ್ಲಿ ಜನ ಸತ್ತಿದ್ದಾರೆ. ಯೂಟ್ಯೂಬ್ ಚಾನೆಲ್ ನಡೆಸುವ ಆಸ್ಟ್ರೇಲಿಯಾದ ಆನ್ ರಿಯರ್ಡನ್ ಅನ್ನುವವರು ಇದು ಪ್ರಾಣ ತೆಗೆಯುತ್ತದೆ, ಮಾಡಬೇಡಿ ಅಂತ ಒಂದು ವಿಡಿಯೋ ಮಾಡಿದರು. 2022ರಲ್ಲಿ ಯೂಟ್ಯೂಬ್ ಆ ಎಚ್ಚರಿಕೆಯ ವಿಡಿಯೋವನ್ನೇ ಅಪಾಯಕಾರಿ ಅಂತ ತೆಗೆದುಹಾಕಿತು, ಜನ ಗಲಾಟೆ ಮಾಡಿದ ಮೇಲೆ ವಾಪಸ್ ಹಾಕಿತು. ಮೈಕ್ರೋವೇವ್ ಅಂತೂ ನೀವು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕಂಡೆನ್ಸರ್‌ನಲ್ಲಿ ಸಾವಿರಗಟ್ಟಲೆ ವೋಲ್ಟ್ ಉಳಿದಿರಬಹುದು. ಗ್ಯಾಸ್ ರೆಗ್ಯುಲೇಟರ್ ಕೂಡ ಹಾಗೇ, ವಿಡಿಯೋ ನೋಡಿ ಬಿಚ್ಚುವ ವಸ್ತುವಲ್ಲ. ಗ್ಯಾಸ್ ಸೋರುವ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ಬಚ್ಚಲು ಕಟ್ಟಿಕೊಂಡಿದೆ ಅಂತ ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಸುರಿಯುವುದನ್ನು ತೋರಿಸಿದರೆ ಅದನ್ನೂ ನಂಬಬೇಡಿ, ಏಳುವುದು ಕ್ಲೋರಿನ್ ಗ್ಯಾಸು, ಬಚ್ಚಲುಮನೆಯೊಳಗೆ ಉಸಿರು ಕಟ್ಟುತ್ತದೆ.

ಈಗ ನನ್ನ ಕೇಳಿಕೆ. ನಮ್ಮ ರಾಜ್ಯದಲ್ಲಿ ಇಷ್ಟೊಂದು ಸರ್ಕಾರಿ ಐ.ಟಿ.ಐ.ಗಳಿವೆ. ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಬೋರ್ಡು, ಮೀಟರು, ಟೇಬಲ್ಲು ಎಲ್ಲ ಅಲ್ಲೇ ಇದೆ. ಮನೆಗಳಲ್ಲಿ ದಿನಾ ಕೆಡುವ ಹತ್ತಿಪ್ಪತ್ತು ವಸ್ತುಗಳ ಬಗ್ಗೆ ಅವರೇ ಕನ್ನಡದಲ್ಲಿ, ನಿಧಾನವಾಗಿ, ಹಾಡು ಗೀಡು ಇಲ್ಲದೆ ವಿಡಿಯೋ ಮಾಡಿ ಹಾಕಲಿ. ಇಷ್ಟು ನೀವು ಮಾಡಬಹುದು, ಇಲ್ಲಿಂದ ಮುಂದೆ ಮುಟ್ಟಬೇಡಿ ಅಂತ ಗೆರೆ ಎಳೆದು ಹೇಳಲಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿದೆ. ಕಂಪನಿಗಳು ಕೊಡುವ ರಿಪೇರಿ ಮಾಹಿತಿ ಜನರಿಗೆ ಸಿಗಲಿ ಅಂತಲೇ ಮಾಡಿದ್ದು ಅದು. ಅಂಥ ಮಾಹಿತಿ ಕನ್ನಡದಲ್ಲಿ ಸಿಕ್ಕರೆ ಎಷ್ಟು ಮನೆಗೆ ಉಪಕಾರವಾದೀತು!

ನಿಮ್ಮ ಪತ್ರಿಕೆಗೂ ಒಂದು ಮಾತು. ವಾರಕ್ಕೊಂದು ಸಲ ಪುರವಣಿಯ ಮೂಲೆಯಲ್ಲಿ ಜಾಗ ಕೊಡಿ. ಓದುಗರು ತಾವು ನೋಡಿದ ರಿಪೇರಿ ವಿಡಿಯೋ ಯಾವುದು ಅಂತ ಕಳಿಸಲಿ, ಕೆಲಸ ಗೊತ್ತಿರುವ ಒಬ್ಬರು ಅದನ್ನು ನೋಡಿ, ಇದನ್ನು ಮಾಡಬಹುದು, ಇದು ಬೇಡ, ಯಾಕೆ ಬೇಡ ಅಂತ ಬರೆಯಲಿ. ದುಡ್ಡು ಬೇಡ, ಮೊದಲ ವಾರದ್ದನ್ನು ನಾನೇ ಬರೆದು ಕಳಿಸುತ್ತೇನೆ. ಚಳಿ ಶುರುವಾಗುವ ಮೊದಲೇ ಬರಲಿ, ಗೀಸರ್ ಬಗ್ಗೆ.

ಇಂತಿ,
ಮಿಕ್ಸಿ-ಗೀಸರ್ ರಿಪೇರಿ ಅಂಗಡಿಯವ,
ದಾವಣಗೆರೆ