ಮಳೆಯಾದ ಮೂರು ದಿನ ಆ ಗುಡ್ಡಗಳಿಗೆ ಗಾಲಿ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿ ಗುಡ್ಡಗಳಲ್ಲಿನ ಮೌಂಟನ್ ಬೈಕಿಂಗ್ (ಗುಡ್ಡದ ಹಾದಿಗಳಲ್ಲಿ ಸೈಕಲ್ ಸವಾರಿ) ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಸಂಕಟದಿಂದ. ವಾರಕ್ಕೆ ಮೂರು ದಿನ ನಾನು ಪೆಡಲ್ ತುಳಿಯುವ ಹಾದಿಗಳಿರುವ ಉದ್ಯಾನ, ಕಣಿವೆಗಳ ಹೆಸರು ಕನ್ನಡದಲ್ಲಿ ಅಚ್ಚಾಗಿದ್ದನ್ನು ನೋಡಿ ಖುಷಿಯಾಯಿತು. ಕ್ರಿಸ್ಟಲ್ ಕೋವ್, ಮೊರೊ ಕ್ಯಾನ್ಯನ್, ಲಗೂನಾ ಕೋಸ್ಟ್, ಅಲಿಸೊ ಮತ್ತು ವುಡ್ ಕ್ಯಾನ್ಯನ್ಸ್, ಎಲ್ಲವೂ ಇದ್ದವು. ಸಂಕಟವಾದದ್ದು ಕೊನೆಯ ಎರಡು ಸಲಹೆಗಳಿಂದ. ಮಳೆ ನಿಂತ ಮರುದಿನವೇ ಹೋಗಿ, ಕೆಸರಿನಲ್ಲಿ ಜಾರುವ ಮಜವೇ ಬೇರೆ ಎನ್ನುವುದು ಒಂದು. ಗುರುತಿನ ದಾರಿ ಬಿಟ್ಟು ಪೊದೆಗಳ ನಡುವೆ ಸ್ವಂತ ದಾರಿ ಮಾಡಿಕೊಳ್ಳುವುದೇ ನಿಜವಾದ ಸಾಹಸ ಎನ್ನುವುದು ಇನ್ನೊಂದು. ಮಗನ ಮನೆಗೋ ಮಗಳ ಮನೆಗೋ ಎಂದು ಇಲ್ಲಿಗೆ ಬಂದು, ಸೈಕಲ್ ಬಾಡಿಗೆಗೆ ತೆಗೆದುಕೊಂಡು ಗುಡ್ಡ ಹತ್ತುವ ಕನ್ನಡಿಗರು ಈಗ ಕಡಿಮೆಯಿಲ್ಲ. ಅವರು ಈ ಮಾತು ನಂಬಿ ಹೊರಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತು, ಏಕೆಂದರೆ ಆಮೇಲೆ ಅದನ್ನು ಸರಿಮಾಡುವವರಲ್ಲಿ ನಾನೂ ಒಬ್ಬಳು.

ನಾನು ಈ ಗುಡ್ಡಗಳಿರುವ ಆರೆಂಜ್ ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲೆಗೆ, ಬಂದು 26 ವರ್ಷವಾಯಿತು. ಮೌಂಟನ್ ಬೈಕ್ ಹತ್ತಿದ್ದು ನಲವತ್ತೈದು ದಾಟಿದ ಮೇಲೆ. ಒಂಬತ್ತು ವರ್ಷಗಳಿಂದ ತಿಂಗಳಿಗೆ ಎರಡು ಶನಿವಾರ, ಹಾದಿ ದುರಸ್ತಿ ಮಾಡುವ ಸ್ವಯಂಸೇವಕರ ಜೊತೆ ಕೆಲಸ ಮಾಡುತ್ತಿದ್ದೇನೆ. ನನ್ನ ಕೈಗೆ ಒಗ್ಗಿರುವ ಸಲಕರಣೆ ಮೆಕ್‌ಲಿಯೊಡ್. ಒಂದು ಕಡೆ ದಪ್ಪ ಹಲ್ಲುಗಳ ಕುಂಟೆ, ಇನ್ನೊಂದು ಕಡೆ ಅಗಲ ಬಾಯಿಯ ಗುದ್ದಲಿ. ಕಾಳ್ಗಿಚ್ಚು ಆರಿಸುವವರಿಗಾಗಿ ಹುಟ್ಟಿದ್ದು, ಈಗ ಹಾದಿ ಮಾಡುವವರಿಗೆಲ್ಲ ಬೇಕೇ ಬೇಕು.

ಎರಡು ವರ್ಷದ ಹಿಂದಿನ ಫೆಬ್ರವರಿಯ ಮಾತು. ಗುರುವಾರ ರಾತ್ರಿಯಿಡೀ ಮಳೆ ಸುರಿದಿತ್ತು. ಶುಕ್ರವಾರ ಬೆಳಿಗ್ಗೆಯೇ ಉದ್ಯಾನದ ಗೇಟಿಗೆ 'ಹಾದಿ ಮುಚ್ಚಿದೆ' ಎಂಬ ಫಲಕ ತೂಗುಹಾಕಿದ್ದರು. ಅಂದು ಸಂಜೆ ಯಾರೋ ಇಬ್ಬರು ಗೇಟಿನ ಪಕ್ಕದಿಂದ ನುಸುಳಿ ಮೇಲೆ ಹೋಗಿ ಇಳಿದಿದ್ದಾರೆ. ಇಬ್ಬರೇ ಎಂದು ಹೇಗೆ ಗೊತ್ತು ಎಂದರೆ, ಎರಡು ಬಗೆಯ ಟೈರಿನ ಅಚ್ಚು ಅಲ್ಲಿ ಸ್ಪಷ್ಟವಾಗಿ ಮೂಡಿತ್ತು. ಮುಂದಿನ ವಾರ ಮತ್ತೆ ಮಳೆಯಾಯಿತು. ಬಿಸಿಲು ಬಂದ ಮೇಲೆ ನಾವು ಹೋಗಿ ನೋಡಿದರೆ, ಆ ಎರಡು ಗೆರೆಗಳು ಸೇರಿ ಒಂದೇ ಕೊರಕಲಾಗಿತ್ತು. ನನ್ನ ಗೇಣು ಹಾಕಿ ಅಳೆದೆ. ಒಂದು ಗೇಣಿಗಿಂತ ಹೆಚ್ಚು ಆಳ, ಹದಿನೈದು ಮಾರು ಉದ್ದ. ಅದರ ತಳದಲ್ಲಿ ನುಣ್ಣಗೆ ತೊಳೆದ ಕಲ್ಲುಗಳು ಬೆತ್ತಲಾಗಿ ಕೂತಿದ್ದವು. ಐದು ಜನ ಬೆಳಗಿನಿಂದ ಮಧ್ಯಾಹ್ನದವರೆಗೆ ದುಡಿದರೂ ಅರ್ಧ ಮಾತ್ರ ಮುಗಿಯಿತು. ತೊಳೆದುಹೋದ ಮಣ್ಣನ್ನು ಎಲ್ಲಿಂದ ತರುವುದು? ಕೆಳಗಿನ ತೊರೆಗೆ ಸೇರಿದ್ದು ಸೇರಿದ್ದೇ.

ಇಬ್ಬರ ಗಾಲಿಯಿಂದ ಇಷ್ಟೆಲ್ಲ ಹೇಗಾಗುತ್ತದೆ ಎಂದು ಕೇಳುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗುಡ್ಡದ ಪಕ್ಕೆಯಲ್ಲಿ ಕೊರೆದ ಒಳ್ಳೆಯ ಹಾದಿ ಎಂದೂ ಮಟ್ಟಸವಾಗಿರುವುದಿಲ್ಲ. ಕಣಿವೆಯ ಕಡೆಗೆ ಅದು ತುಸು ವಾಲಿರುತ್ತದೆ, ಸುಮಾರು ನೂರಕ್ಕೆ ಐದರಷ್ಟು. ಒಂದು ಮೀಟರ್ ಅಗಲದ ಹಾದಿಯಾದರೆ ಹೊರ ಅಂಚು ಐದು ಸೆಂಟಿಮೀಟರ್ ತಗ್ಗು. ಮೇಲಿನಿಂದ ಬಂದ ನೀರು ಹಾದಿಯನ್ನು ಅಡ್ಡ ದಾಟಿ, ತೆಳ್ಳಗೆ ಹರಡಿಕೊಂಡು, ಕೆಳಗಿಳಿದು ಹೋಗಬೇಕು. ಹಾದಿಯ ಗುಂಟ ಓಡಬಾರದು. ಅದಕ್ಕಾಗಿ ನಡುನಡುವೆ ಹಾದಿಯನ್ನು ಒಂದಿಷ್ಟು ಇಳಿಸಿ ಮತ್ತೆ ಏರಿಸಿರುತ್ತಾರೆ. ಸವಾರರಿಗೆ ಅದು ಅಲೆಯಂತೆ ಹಿತ, ನೀರಿಗೆ ಅದು ಹೊರಬಾಗಿಲು. ಹಾದಿಯ ಏರು ಗುಡ್ಡದ ಪಕ್ಕೆಯ ಇಳಿಜಾರಿನ ಅರ್ಧವನ್ನು ಮೀರಬಾರದು ಎಂಬುದು ಇನ್ನೊಂದು ನಿಯಮ. ಮೀರಿದರೆ ನೀರಿಗೆ ಅಡ್ಡ ಹರಿಯುವುದಕ್ಕಿಂತ ಹಾದಿ ಹಿಡಿಯುವುದೇ ಸುಲಭವಾಗುತ್ತದೆ. ಒಟ್ಟಾರೆ ಸರಾಸರಿ ಏರು ನೂರಕ್ಕೆ ಹತ್ತರೊಳಗಿದ್ದರೆ ಹಾದಿ ಬಾಳಿಕೆ ಬರುತ್ತದೆ.

ಇಲ್ಲಿ ಅನೇಕ ಕಡೆ ಈ ನಿಯಮಗಳು ಹುಟ್ಟುವ ಮೊದಲೇ ದಾರಿಗಳಿದ್ದವು. ದನ ಮೇಯಿಸುತ್ತಿದ್ದ ದೊಡ್ಡ ರ‍್ಯಾಂಚುಗಳ ಕಾಲದ ಗಾಡಿದಾರಿಗಳು ಏಣಿ ಇಟ್ಟಂತೆ ನೇರವಾಗಿ ಗುಡ್ಡದ ಏಣು ಹತ್ತುತ್ತವೆ. ಕ್ರಿಸ್ಟಲ್ ಕೋವ್‌ನಲ್ಲಿ 'ಐ ಥಿಂಕ್ ಐ ಕ್ಯಾನ್' ಎಂದೇ ಹೆಸರಿರುವ ಏರು ಒಂದಿದೆ, ಅದನ್ನು ಹತ್ತಿದವರಿಗೆ ಆ ಹೆಸರು ಏಕೆ ಎಂದು ಹೇಳಬೇಕಾಗಿಲ್ಲ. ಇಂಥ ದಾರಿಗಳು ಮೊದಲೇ ನೀರಿಗೆ ಸೋತಿರುವಂಥವು. ಮಣ್ಣಿನಲ್ಲಿ ಜೇಡಿ ಇರುವ ಕಡೆ, ಒದ್ದೆಯಾದಾಗ ಅದು ಮುದ್ದೆಯ ಹಿಟ್ಟಿನಂತೆ ಟೈರಿಗೆ ಮೆತ್ತಿಕೊಂಡು ಗಾಲಿಯೇ ತಿರುಗದಂತೆ ಮಾಡುತ್ತದೆ. ನಾಲ್ಕು ಹೆಜ್ಜೆ ಹೋಗಿ ಹೆರೆಯಬೇಕು, ಮತ್ತೆ ನಾಲ್ಕು ಹೆಜ್ಜೆ ಹೋಗಬೇಕು. ಲೇಖನದಲ್ಲಿ ಹೇಳಿದ ಮಜ ಎಲ್ಲಿದೆಯೋ ನನಗಂತೂ ಸಿಕ್ಕಿಲ್ಲ. ಗಾಲಿ ಬಿಟ್ಟುಹೋದ ಗೆರೆ ಬಿಸಿಲಿಗೆ ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮುಂದಿನ ಮಳೆ ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಕೌಂಟಿಯ ಉದ್ಯಾನಗಳು ಮಳೆಯಾದ ಮೇಲೆ ಸಾಮಾನ್ಯವಾಗಿ ಮೂರು ದಿನ, ಜೋರು ಮಳೆಯಾದರೆ ಇನ್ನೂ ಹೆಚ್ಚು ದಿನ, ಹಾದಿ ಮುಚ್ಚುತ್ತವೆ. ಇಲ್ಲಿ ಮಳೆ ಬರುವುದೇ ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮಳೆಯಾದಾಗ ಕೆಲವು ದಿನ ಕಾಯುವುದು ದೊಡ್ಡ ತ್ಯಾಗವೇನಲ್ಲ. ಆ ದಿನಗಳಲ್ಲಿ ಸೈಕಲ್ ಬೇಕೇ ಬೇಕೆನ್ನುವವರಿಗೆ ನ್ಯೂಪೋರ್ಟ್‌ನ ಬ್ಯಾಕ್ ಬೇ ಎಂಬ ಹಿನ್ನೀರಿನ ಸುತ್ತ ಸುಮಾರು ಹತ್ತು ಮೈಲಿಯ ಡಾಂಬರು ದಾರಿ ಇದೆ. ಮಳೆ ತೊಳೆದ ಮಾರನೇ ದಿನ ಅಲ್ಲಿನ ಜೌಗಿನಲ್ಲಿ ಹಕ್ಕಿಗಳನ್ನು ನೋಡಬೇಕು!

ಎರಡನೇ ಸಲಹೆ ಇನ್ನೂ ಅಪಾಯದ್ದು. ಈ ಗುಡ್ಡಗಳ ಪೊದೆಗಳು ನೋಡಲು ಸಾಧಾರಣ. ಮೊಣಕಾಲಿನಿಂದ ಸೊಂಟದ ಎತ್ತರ, ಬೂದು ಬಣ್ಣ, ಬೇಸಿಗೆಯಲ್ಲಿ ಸತ್ತಂತೆ ಕಾಣುತ್ತವೆ. ಆದರೆ ಅವುಗಳಲ್ಲೊಂದಾದ ಸೇಜ್‌ಬ್ರಶ್ಶಿನ ಒಂದು ಎಳೆ ಕಿತ್ತು ಬೆರಳಲ್ಲಿ ಹೊಸಕಿ ಮೂಸಿದರೆ ನಮ್ಮವರು ಯಾರಾದರೂ ಒಂದು ಕ್ಷಣ ನಿಲ್ಲುತ್ತಾರೆ, ಏಕೆಂದರೆ ಅದು ದವನದ ಕುಲಕ್ಕೇ ಸೇರಿದ ಗಿಡ. ಮೊದಲ ಸಲ ಮೂಸಿದಾಗ ನನಗೆ ಕಣ್ಣು ತುಂಬಿತ್ತು. ಆ ಪೊದೆಗಳಲ್ಲಿ ಗೂಡು ಕಟ್ಟುವ ಕ್ಯಾಲಿಫೋರ್ನಿಯಾ ನ್ಯಾಟ್‌ಕ್ಯಾಚರ್ ಎಂಬ ಹಕ್ಕಿ ಆರು ಗ್ರಾಂ ತೂಗುತ್ತದೆ. ಕೂಗು ಕೇಳಿದರೆ ಬೆಕ್ಕಿನ ಮರಿಯೊಂದು ಪೊದೆಯೊಳಗೆ ಸಿಕ್ಕಿಕೊಂಡಿದೆ ಎನಿಸುತ್ತದೆ. ಕರಾವಳಿಯ ಈ ಪೊದೆಗಾಡಿನ ಬಹುಪಾಲು ಮನೆ, ರಸ್ತೆ, ಹೊಲಗಳಿಗೆ ಹೋದದ್ದರಿಂದ 1993ರಲ್ಲಿ ಕೇಂದ್ರ ಸರ್ಕಾರ ಅದನ್ನು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿತು. 1996ರಲ್ಲಿ ಆರೆಂಜ್ ಕೌಂಟಿಯ ಮಧ್ಯ ಮತ್ತು ಕರಾವಳಿ ಭಾಗದಲ್ಲಿ 37,000 ಎಕರೆಯಷ್ಟು ಜಾಗವನ್ನು ಇಂಥ ಜೀವಿಗಳಿಗಾಗಿ ಮೀಸಲಿಡುವ ಒಪ್ಪಂದವಾಯಿತು. ನಾವು ಸೈಕಲ್ ಓಡಿಸುವುದು ಅದರೊಳಗೇ.

ಅಲ್ಲಿ ಒಬ್ಬರು ಪೊದೆ ಸೀಳಿಕೊಂಡು ಇಳಿದರೆ ನಾಳೆ ಹತ್ತು ಜನ ಅದೇ ಜಾಡು ಹಿಡಿಯುತ್ತಾರೆ. ಪೊದೆ ಮುರಿದ ಅಂಚಿಗೆ ಮೊದಲು ಬರುವುದು ಕಪ್ಪು ಸಾಸಿವೆ. ಹೌದು, ನಾವು ಒಗ್ಗರಣೆಗೆ ಹಾಕುವ ಸಾಸಿವೆಯ ಬಳಗದ್ದೇ. ಹೊರಗಿನಿಂದ ಬಂದು ಇಲ್ಲಿ ಊರಿಕೊಂಡ ಗಿಡ, ಒಳ್ಳೆ ಮಳೆಯಾದ ವರ್ಷ ಆಳೆತ್ತರ ಮೀರುತ್ತದೆ. ವಸಂತದಲ್ಲಿ ಗುಡ್ಡವೆಲ್ಲ ಹಳದಿಯಾದಾಗ ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಾನೂ ಮೊದಲ ವರ್ಷಗಳಲ್ಲಿ ತೆಗೆಸಿಕೊಂಡಿದ್ದೇನೆ. ಈಗ ಆ ಹಳದಿ ಕಂಡರೆ ಅಲ್ಲಿ ಮೊದಲು ಏನಿತ್ತು ಎಂದೇ ಮನಸ್ಸು ಹುಡುಕುತ್ತದೆ. ಮೇ ತಿಂಗಳಿಗೆ ಅದು ಒಣಗಿ ಕಡ್ಡಿಯಾಗುತ್ತದೆ, ಬೆಂಕಿಗೆ ಅದಕ್ಕಿಂತ ಸುಲಭದ ಮೇವು ಬೇರೆ ಬೇಕಿಲ್ಲ. 1993ರ ಅಕ್ಟೋಬರ್ 27ರಂದು ಲಗೂನಾ ಬೀಚ್ ಎಂಬ ಕರಾವಳಿ ಊರಿನಲ್ಲಿ ಒಂದೇ ದಿನ ನೂರಾರು ಮನೆಗಳು ಉರಿದವು. ಇಲ್ಲಿನ ಹಳಬರು ಈಗಲೂ ಗಾಳಿ ಬಿಸಿಯಾದ ದಿನ ಗುಡ್ಡದ ಕಡೆ ನೋಡುತ್ತಲೇ ಇರುತ್ತಾರೆ.

ಲೇಖನದಲ್ಲಿ ಬಾರದ ಇನ್ನೊಂದು ಸಂಗತಿ ಇದೆ. ಈ ಕಣಿವೆಗಳು ಉಳಿದದ್ದೇ ಜನ ಬೀದಿಗಿಳಿದದ್ದರಿಂದ. ಲಗೂನಾ ಕ್ಯಾನ್ಯನ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆಗಳ ಬಡಾವಣೆಗೆ ಒಪ್ಪಿಗೆ ಸಿಕ್ಕಿತ್ತು. 1989ರ ನವೆಂಬರ್ 11ರಂದು ಏಳು ಸಾವಿರಕ್ಕೂ ಹೆಚ್ಚು ಜನ ಆ ಕಣಿವೆಯ ರಸ್ತೆಯಲ್ಲಿ ನಡೆದು ಬಂದರು. ಮರುವರ್ಷ ಲಗೂನಾ ಬೀಚ್ ಎಂಬ ಆ ಪುಟ್ಟ ಊರಿನವರು ಮತ ಹಾಕಿ, ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಂಡು, ಜಮೀನು ಕೊಳ್ಳಲು ಎರಡು ಕೋಟಿ ಡಾಲರ್ ಒದಗಿಸಿದರು. ಶೇ 80ರ ಹತ್ತಿರ ಮತ ಪರವಾಗಿ ಬಿದ್ದವು. ನನ್ನ ಜೊತೆ ಶನಿವಾರ ಕೆಲಸಕ್ಕೆ ಬರುವ ಒಬ್ಬರು ಅಜ್ಜಿ ಅಂದು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಡೆದವರು. ಕೊರಕಲು ತುಂಬುವಾಗ ಅವರು ಹೆಚ್ಚು ಮಾತಾಡುವುದಿಲ್ಲ. ಆದರೆ ಗೇಟು ಹಾರಿದವರ ಟೈರಿನ ಗುರುತು ಕಂಡಾಗ ಅವರ ಮುಖ ನೋಡಲು ನನಗೆ ಆಗುವುದಿಲ್ಲ.

ವೇಗವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಈ ಆಟ ಹುಟ್ಟಿದ್ದೇ ಇಳಿಜಾರಿನಲ್ಲಿ. 1976ರಲ್ಲಿ ಇದೇ ರಾಜ್ಯದ ಉತ್ತರಕ್ಕೆ, ಮರಿನ್ ಕೌಂಟಿಯ ಟ್ಯಾಮಲ್‌ಪೈಸ್ ಬೆಟ್ಟದ ಆಸುಪಾಸಿನಲ್ಲಿ, ಹಳೇ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುವ ಸ್ಪರ್ಧೆ ಶುರುವಾಯಿತು. ಎರಡು ಮೈಲಿಯಲ್ಲಿ 1,300 ಅಡಿ ಇಳಿಯುವಷ್ಟರಲ್ಲಿ ಹಿಂದಿನ ಗಾಲಿಯ ನಡುಗುಂಬದೊಳಗಿನ (ಹಬ್) ಬ್ರೇಕು ಕಾದು ಗ್ರೀಸ್ ಹೊಗೆಯಾಗುತ್ತಿತ್ತು. ಪ್ರತಿ ಸಲ ಮತ್ತೆ ಗ್ರೀಸ್ ತುಂಬಬೇಕಾಗುತ್ತಿದ್ದರಿಂದ ಆ ಇಳಿಜಾರಿಗೆ 'ರಿಪ್ಯಾಕ್' ಎಂದೇ ಹೆಸರಾಯಿತು. ಲಗೂನಾದ 'ಟಾಪ್ ಆಫ್ ದ ವರ್ಲ್ಡ್' ಎಂಬ ನೆತ್ತಿಯಿಂದ, ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಸಾಲುಗುಡ್ಡ ಇಟ್ಟುಕೊಂಡು ಕಣಿವೆಗೆ ಇಳಿಯುವಾಗ ನನಗೂ ಎದೆ ತುಂಬುತ್ತದೆ. ಜೂನಿನ ಬೆಳಿಗ್ಗೆ ಸಮುದ್ರದ ಮಂಜು ಮಣ್ಣಿಗೆ ತುಸುವೇ ತೇವ ಕೊಟ್ಟಿರುತ್ತದೆ, ಟೈರು ಕಚ್ಚಿಕೊಂಡು ಹೋಗುತ್ತದೆ. ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಹಿಂದಿನ ಗಾಲಿ ಲಾಕ್ ಮಾಡಿ ಎಳೆದುಕೊಂಡು ಹೋಗದೆ, ಎರಡೂ ಬ್ರೇಕುಗಳನ್ನು ತಿರುವಿಗೆ ಮೊದಲೇ ಹದವಾಗಿ ಹಿಡಿದರೆ ಮಣ್ಣೂ ಉಳಿಯುತ್ತದೆ, ಸವಾರಿಯೂ ಚೆನ್ನ. ಏರುವವರಿಗೆ ಇಳಿಯುವವರು ದಾರಿ ಬಿಡಬೇಕು. ನಡೆಯುವವರಿಗೂ ಕುದುರೆಗೂ ಸೈಕಲಿನವರು ಬಿಡಬೇಕು.

ಅಮೆರಿಕದ ಕೇಂದ್ರ ಸರ್ಕಾರ 1964ರ ಕಾನೂನಿನಂತೆ ಕಾಯ್ದಿಟ್ಟ ವನ್ಯಪ್ರದೇಶಗಳಲ್ಲಿ ಸೈಕಲ್‌ಗೆ ಪ್ರವೇಶವೇ ಇಲ್ಲ. ಈ ಕೌಂಟಿ ಉದ್ಯಾನಗಳು ನಮ್ಮನ್ನು ಒಳಗೆ ಬಿಟ್ಟಿವೆ. ಕದ್ದು ಕಡಿದ ಜಾಡುಗಳು ಹೆಚ್ಚಾದಷ್ಟೂ ಸೈಕಲಿನವರನ್ನು ಹೊರಗಿಡಿ ಎನ್ನುವವರ ದನಿ ಜೋರಾಗುತ್ತದೆ. ಸಭೆಗಳಲ್ಲಿ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಕೂತಿದ್ದೇನೆ, ಏಕೆಂದರೆ ಅವರು ತೋರಿಸಿದ ಫೋಟೊಗಳು ಸುಳ್ಳಾಗಿರಲಿಲ್ಲ.

ನನ್ನ ಕೋರಿಕೆ ಇಷ್ಟೇ. ಮುಂದಿನ ಪುರವಣಿಯಲ್ಲಿ, ಅದೇ ಪುಟದಲ್ಲಿ, ನಾಲ್ಕು ಸಾಲಿನ ತಿದ್ದುಪಡಿ ಹಾಕಿ: ಮಳೆಯಾದ ಮೇಲೆ ಹಾದಿ ತೆರೆದಿದೆಯೇ ಎಂದು ಉದ್ಯಾನದ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಿ, ಫಲಕವಿರುವ ದಾರಿಯಲ್ಲೇ ಹೋಗಿ. ಲೇಖಕರು ಮತ್ತೆ ಈ ಕಡೆ ಬರುವುದಾದರೆ ತಿಳಿಸಲಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರು. ಅವರಿಗಾಗಿ ಒಂದು ಮೆಕ್‌ಲಿಯೊಡ್, ಒಂದು ಜೊತೆ ಕೈಗವಸು ತಂದಿರುತ್ತೇನೆ. ಕೆಲಸ ಮುಗಿದ ಮೇಲೆ ಒಟ್ಟಿಗೆ ಸೈಕಲ್ ಹೊಡೆಯೋಣ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು
ಆರೆಂಜ್ ಕೌಂಟಿ, ಕ್ಯಾಲಿಫೋರ್ನಿಯಾ