‘ಗ್ರೇಟರ್’ ಅಂದರೆ ಯಾವುದಕ್ಕಿಂತ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದೇಶ ಪುಟವನ್ನು ನಾನು ದಿನಾ ಅಟ್ಲಾಸ್ ಪಕ್ಕದಲ್ಲಿ ಇಟ್ಟುಕೊಂಡೇ ಓದುತ್ತೇನೆ. 31 ವರ್ಷ ಭೂಗೋಳ ಪಾಠ ಮಾಡಿದವಳು. ಒಂದು ದೇಶದ ಹೆಸರು ಬಂದ ಕೂಡಲೇ ಬೆರಳು ನಕ್ಷೆಯ ಮೇಲೆ ಹೋಗಿಬಿಡುತ್ತದೆ. ಆದರೆ ಒಂದು ಪದ ಬಂದಾಗ ಬೆರಳನ್ನು ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಗ್ರೇಟರ್ ಇಸ್ರೇಲ್, ಗ್ರೇಟರ್ ಸರ್ಬಿಯಾ, ಗ್ರೇಟರ್ ಅಲ್ಬೇನಿಯಾ. ಒಂದು ದೇಶದ ಗಡಿಯಾಚೆಯ ನೆಲವನ್ನೂ ಸೇರಿಸಿ ಹೇಳುವ ಹೆಸರುಗಳು ಇವು. ಕೆಲವು ಸಲ ಇದೇ ಪದ ‘ಮಹಾ’ ಆಗಿರುತ್ತದೆ, ಕೆಲವು ಸಲ ‘ಬೃಹತ್’. ಈ ಪತ್ರ ಆ ಪದದ ಬಗ್ಗೆ.

ಇಂಗ್ಲಿಷಿನಲ್ಲಿ ಗ್ರೇಟ್ ಅನ್ನೋದಕ್ಕೆ ಎರಡು ಅರ್ಥ ಇದೆ. ಗಾತ್ರದಲ್ಲಿ ದೊಡ್ಡದು, ಗುಣದಲ್ಲಿ ದೊಡ್ಡದು. ನಾವು ಆ ಪದವನ್ನು ಕನ್ನಡದ ಮಾತಿಗೆ ತಂದುಕೊಂಡಾಗ ಎರಡನೆಯದನ್ನು ಮಾತ್ರ ತಂದೆವು. ‘ಅವರು ಗ್ರೇಟ್ ಕಣ್ರೀ’ ಅಂದರೆ ಯಾರೂ ಎತ್ತರ ಅಳೆಯುವುದಿಲ್ಲ. ಅದು ಮೆಚ್ಚುಗೆ. ಹಾಗಾಗಿ ‘ಗ್ರೇಟರ್ ಸರ್ಬಿಯಾ’ ಅಂತ ಓದಿದವರಿಗೆ ಇನ್ನೂ ಜಾಸ್ತಿ ಮೆಚ್ಚುಗೆ ಅಂತಲೇ ಕೇಳಿಸುತ್ತದೆ, ಅಲ್ವಾ? ‘ಮಹಾ’ ಹಾಕಿದರೂ ಅದೇ ಕಥೆ. ಮಹಾಮಾರಿ, ಮಹಾಯುದ್ಧ ಅಂತಲೂ ನಾವು ಹೇಳುತ್ತೇವೆ, ನಿಜ. ಆದರೆ ಒಂದು ನಾಡಿನ ಹೆಸರಿನ ಮುಂದೆ ಮಹಾ ಬಂದರೆ ಕಿವಿಗೆ ಬೀಳುವುದು ಗೌರವ.

ಇದು ನನಗೆ ತಿಳಿದದ್ದು ಒಂದು ಉತ್ತರ ಪತ್ರಿಕೆಯಿಂದ. ವೆಸ್ಟ್ ಇಂಡೀಸ್ ಪಾಠದಲ್ಲಿ ಗ್ರೇಟರ್ ಆಂಟಿಲೀಸ್, ಲೆಸ್ಸರ್ ಆಂಟಿಲೀಸ್ ಅಂತ ಎರಡು ದ್ವೀಪಗಳ ಗುಂಪು ಬರುತ್ತವೆ. ವ್ಯತ್ಯಾಸ ಬರೆಯಿರಿ ಅಂತ ಕೇಳಿದ್ದೆ. ಒಬ್ಬ ಹುಡುಗ ಬರೆದಿದ್ದ: ‘ಮೊದಲನೆಯವು ಶ್ರೇಷ್ಠ ದ್ವೀಪಗಳು, ಎರಡನೆಯವು ಕೀಳು ದ್ವೀಪಗಳು.’ ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟೆ. ಆಮೇಲೆ ರಾತ್ರಿ ಅದೇ ತಲೆಯಲ್ಲಿ ಕೊರೆಯಿತು. ಅಲ್ಲಿ ಗ್ರೇಟರ್ ಅಂದರೆ ಬರೀ ಗಾತ್ರ ಅಂತ ನಾನು ತರಗತಿಯಲ್ಲಿ ಹೇಳಿಯೇ ಇರಲಿಲ್ಲ. ಮಾರನೆಯ ದಿನ ಬೋರ್ಡ್ ಮೇಲೆ ಬರೆದೆ: ಮೊದಲನೆಯ ಗುಂಪಿನ ಕ್ಯೂಬಾ ಸುಮಾರು 1,10,000 ಚದರ ಕಿಲೋಮೀಟರ್, ಎರಡನೆಯದರ ಬಾರ್ಬಡೋಸ್ ಸುಮಾರು 430. ಬಾರ್ಬಡೋಸ್‌ಗಿಂತ ಕ್ಯೂಬಾ ದೊಡ್ಡದು, ಅಷ್ಟೇ. ಆ ಹುಡುಗನ ಅಂಕವನ್ನೂ ತಿದ್ದಿದೆ.

ಆ ‘ಗಿಂತ’ ಇದೆಯಲ್ಲ, ಅದು ನಮ್ಮ ಭಾಷೆಯ ದೊಡ್ಡ ಅನುಕೂಲ. ಇಂಗ್ಲಿಷಿನಲ್ಲಿ ಪದದ ಬಾಲಕ್ಕೆ ಒಂದು ‘ಅರ್’ ಅಂಟಿಸಿ ಸುಮ್ಮನಾಗಬಹುದು. ಯಾವುದಕ್ಕಿಂತ ಅಂತ ಹೇಳಬೇಕಾಗಿಲ್ಲ. ಕನ್ನಡದಲ್ಲಿ ‘ದೊಡ್ಡ’ ಅನ್ನುವ ಪದಕ್ಕೆ ಅಂಥ ಬಾಲ ಇಲ್ಲ. ಹೋಲಿಸಬೇಕಾದರೆ ಹೋಲಿಸುವ ಎರಡನ್ನೂ ಎದುರಿಗೆ ತಂದು ನಿಲ್ಲಿಸಬೇಕು. ಗಡಿಯ ವಿಷಯದಲ್ಲಿ ಓದುಗರಿಗೆ ಬೇಕಾಗಿರುವುದೂ ಅದೇ. ಈಗಿನ ಗಡಿ ಯಾವುದು, ಬೇಕು ಅನ್ನುತ್ತಿರುವ ಗಡಿ ಯಾವುದು, ನಡುವಿನ ನೆಲದಲ್ಲಿ ಯಾರಿದ್ದಾರೆ.

ಎಲ್ಲ ಗ್ರೇಟರ್‌ಗಳನ್ನೂ ನಾನು ದೂರುತ್ತಿಲ್ಲ. 1965ರಿಂದ ಇರುವ ಗ್ರೇಟರ್ ಲಂಡನ್‌ಗೆ ಕಾನೂನೇ ಗಡಿ ಹಾಕಿಕೊಟ್ಟಿದೆ. ಅದನ್ನು ಹಾಗೇ ಬರೆದರೆ ಯಾರಿಗೂ ತೊಂದರೆ ಇಲ್ಲ. ತೊಂದರೆ ಇರುವುದು ಪಕ್ಕದವರ ನೆಲವನ್ನೂ ಸೇರಿಸಿಕೊಂಡು ಹೇಳುವ ಹೆಸರುಗಳಲ್ಲಿ.

ಇನ್ನೊಂದು ವಿಷಯ. ಈ ಹೆಸರುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ಹುಟ್ಟಿದವೇ ಅಲ್ಲ. ಸರ್ಬಿಯಾದವರ ‘ವೆಲಿಕಾ’, ರೊಮೇನಿಯಾದವರ ‘ಮಾರೆ’, ಜರ್ಮನರ ‘ಗ್ರೋಸ್’, ಜಪಾನಿನವರ ‘ದಾಯ್’, ಎಲ್ಲವೂ ದೊಡ್ಡ ಅನ್ನುವ ಸಾದಾ ಪದಗಳು. ಹೋಲಿಕೆಯ ಬಾಲವನ್ನು ಅಂಟಿಸಿದ್ದು ಇಂಗ್ಲಿಷ್. 1848ರಲ್ಲಿ, ಜರ್ಮನಿ ಇನ್ನೂ ಒಂದು ದೇಶ ಆಗಿರದ ಕಾಲದಲ್ಲಿ, ಫ್ರಾಂಕ್‌ಫರ್ಟ್‌ನ ಸಭೆಯಲ್ಲಿ ಜರ್ಮನರು ದೊಡ್ಡ ಜರ್ಮನಿ, ಚಿಕ್ಕ ಜರ್ಮನಿ ಅಂತ ವಾದ ಮಾಡಿದರು. ಆಸ್ಟ್ರಿಯಾ ಸೇರಿದರೆ ದೊಡ್ಡದು, ಬಿಟ್ಟರೆ ಚಿಕ್ಕದು. ಕೇಳುವವರಿಗೆ ಎರಡೂ ನಕ್ಷೆ ಕಣ್ಣ ಮುಂದೆ ಇತ್ತು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಸೇರಿಸಿಕೊಂಡ. ಆಮೇಲೆ ಆ ‘ದೊಡ್ಡ’ ಎಲ್ಲಿಗೆ ನಿಲ್ಲುತ್ತದೆ ಅಂತ ಯಾರಿಗೂ ತಿಳಿಯದೇ ಹೋಯಿತು.

ಇಸ್ರೇಲ್ ವಿಷಯ ಇದಕ್ಕಿಂತ ಸೂಕ್ಷ್ಮ. ಹೀಬ್ರೂವಿನಲ್ಲಿ ಅಲ್ಲಿನವರು ಹೇಳುವ ಮಾತು ‘ಎರೆಟ್ಸ್ ಯಿಸ್ರಾಯೆಲ್ ಹಶ್ಲೆಮಾ’. ಅಂದರೆ ಇಡಿಯಾದ, ಪೂರ್ತಿಯಾದ ಇಸ್ರೇಲ್ ನಾಡು. ದೊಡ್ಡದು ಮಾಡುತ್ತೇವೆ ಅನ್ನುವ ಮಾತೇ ಅದರಲ್ಲಿ ಇಲ್ಲ. ಮೊದಲಿಂದ ಇಡಿಯಾಗಿತ್ತು, ಈಗ ಕೊರತೆ ತುಂಬುತ್ತಿದ್ದೇವೆ ಅನ್ನುವ ದನಿ ಅದು. ಹೊರಗಿನವರ ಕಣ್ಣಿಗೆ ಕಾಣುವುದು ಹಿಗ್ಗುವ ಗಡಿ. ಎರಡೂ ಬೇರೆ ಬೇರೆ ಮಾತು, ಜಗಳ ಇರುವುದೇ ಆ ಎರಡರ ನಡುವೆ. ‘ಮಹಾ ಇಸ್ರೇಲ್’ ಅಂತ ಬರೆದಾಗ ಓದುಗರಿಗೆ ಈ ಎರಡರಲ್ಲಿ ಒಂದೂ ಸಿಗುವುದಿಲ್ಲ.

ಅದರ ಅಳತೆಯೂ ಒಂದೇ ಅಲ್ಲ. ಕೆಲವರಿಗೆ ಅದು 1967ರ ಯುದ್ಧದಲ್ಲಿ ಗೆದ್ದ ವೆಸ್ಟ್ ಬ್ಯಾಂಕ್, ಗಾಜಾ, ಗೋಲನ್ ಸೇರಿದ ನೆಲ. ಕೆಲವರಿಗೆ ಜೋರ್ಡಾನ್ ಕೂಡ. ಇನ್ನು ಕೆಲವರು ಬೈಬಲ್ಲಿನ ಮಾತು ಹಿಡಿದು ಯೂಫ್ರೆಟಿಸ್ ನದಿಯವರೆಗೂ ಹೋಗುತ್ತಾರೆ. 2023ರ ಮಾರ್ಚ್‌ನಲ್ಲಿ ಇಸ್ರೇಲ್‌ನ ಹಣಕಾಸು ಸಚಿವ ಬೆಜಲೆಲ್ ಸ್ಮೋಟ್ರಿಚ್ ಪ್ಯಾರಿಸ್‌ನಲ್ಲಿ ಮಾತಾಡಿದರು. ಅವರ ಮುಂದಿನ ಪೀಠದ ಮೇಲೆ ಜೋರ್ಡಾನ್ ಅನ್ನೂ ಒಳಗೆ ಹಾಕಿಕೊಂಡ ನಕ್ಷೆ ಇತ್ತು. ಜೋರ್ಡಾನ್ ಸರ್ಕಾರ ಇಸ್ರೇಲ್ ರಾಯಭಾರಿಯನ್ನು ಕರೆಸಿ ಪ್ರತಿಭಟಿಸಿತು. ಒಂದು ನಕ್ಷೆಗೆ ಒಂದು ದೇಶ ಅಷ್ಟು ಬೇಗ ಎದ್ದು ನಿಂತಿತು. ಹಾಗಿರುವಾಗ ‘ಯಾವ ನಕ್ಷೆ’ ಅನ್ನೋದನ್ನು ನಾವು ಬಿಟ್ಟು ಬರೆಯಬಾರದು.

ಅಲ್ಬೇನಿಯಾದ ಹೆಸರೂ ಹೀಗೇ. ಅಲ್ಬೇನಿಯನ್ನರು ಇರುವ ನೆಲವೆಲ್ಲ ಒಂದಾಗಬೇಕು ಅನ್ನುವ ಕನಸು ಇರುವವರು ಅದನ್ನು ಹೆಚ್ಚಾಗಿ ‘ಜನಾಂಗೀಯ ಅಲ್ಬೇನಿಯಾ’ ಅನ್ನುತ್ತಾರೆ. ಗ್ರೇಟರ್ ಅನ್ನುವವರು ಬೇರೆಯವರು.

ಪದಕ್ಕೆ ಇಷ್ಟು ತೂಕ ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಎರಡು ಘಟನೆ ಹೇಳುತ್ತೇನೆ. 1940ರಲ್ಲಿ ಜಪಾನ್ ಗ್ರೇಟರ್ ಈಸ್ಟ್ ಏಷ್ಯಾ ಅನ್ನುವ ಯೋಜನೆ ಸಾರಿತು. ಕೊರಿಯಾ ಆಗಲೇ 30 ವರ್ಷದಿಂದ ಅದರ ಕೈಯಲ್ಲಿತ್ತು. ಎರಡೇ ವರ್ಷದಲ್ಲಿ ಇಂಡೋನೇಷ್ಯಾ, ಬರ್ಮಾ, ಫಿಲಿಪೀನ್ಸ್ ಕೂಡ ಕೈಗೆ ಬಂದವು. ಜಪಾನ್ ಸೋತ ಮೇಲೆ, 1945ರ ಡಿಸೆಂಬರ್‌ನಲ್ಲಿ, ಅಲ್ಲಿ ಆಳುತ್ತಿದ್ದ ಅಮೆರಿಕದ ಸೇನಾಡಳಿತ ಸರ್ಕಾರಿ ಕಾಗದಗಳಲ್ಲಿ ‘ಗ್ರೇಟರ್ ಈಸ್ಟ್ ಏಷ್ಯಾ ಯುದ್ಧ’ ಅಂತ ಬರೆಯುವುದನ್ನೇ ನಿಷೇಧಿಸಿತು. ಎರಡನೆಯದು 2004ರದ್ದು. ಮಧ್ಯಪ್ರಾಚ್ಯದ ಸುಧಾರಣೆಗೆ ಅಂತ ಅಮೆರಿಕ ‘ಗ್ರೇಟರ್ ಮಿಡಲ್ ಈಸ್ಟ್’ ಅನ್ನುವ ಒಂದು ಯೋಜನೆ ಮುಂದಿಟ್ಟಿತು. ಅರಬ್ ದೇಶಗಳು ಸಿಟ್ಟಾದವು. ಜೂನ್‌ನಲ್ಲಿ ಎಂಟು ಪ್ರಬಲ ದೇಶಗಳ ಜಿ-8 ಸಭೆ ಸೇರುವ ಹೊತ್ತಿಗೆ ಗ್ರೇಟರ್ ಹೋಗಿ ‘ಬ್ರಾಡರ್’, ಅಂದರೆ ಇನ್ನೂ ಅಗಲವಾದ, ಬಂದಿತ್ತು. ಹೆಸರು ಕೊಟ್ಟವರೇ ಆ ಪದವನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

ರಾತ್ರಿ ಹೊತ್ತು ಸುದ್ದಿಸಂಸ್ಥೆಯ ಇಂಗ್ಲಿಷ್ ಸುದ್ದಿ ಕೈಗೆ ಬಂದಾಗ ನಿಮ್ಮ ಸಿಬ್ಬಂದಿಗೆ ಪದ ಹುಡುಕಲು ಹೊತ್ತು ಸಿಗುವುದಿಲ್ಲ ಅಂತ ನನಗೆ ಗೊತ್ತು. ಹೊಸ ಪದ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಸುದ್ದಿಯಲ್ಲಿ ಅದು ಮೊದಲ ಸಲ ಬಂದ ಕಡೆ ಒಂದು ‘ಗಿಂತ’ ಹಾಕಿ, ಇಲ್ಲವೇ ಏನೇನು ಸೇರುತ್ತದೆ ಅಂತ ಹೇಳಿ. ‘1967ರ ಯುದ್ಧಕ್ಕೆ ಮುಂಚೆ ಇದ್ದುದಕ್ಕಿಂತ ಹಿಗ್ಗಿದ ಇಸ್ರೇಲ್’. ‘ಬೋಸ್ನಿಯಾ, ಕ್ರೊಯೇಷಿಯಾದ ಭಾಗಗಳನ್ನೂ ಸೇರಿಸಿಕೊಂಡ ಸರ್ಬಿಯಾ’. ನಾಲ್ಕೈದು ಪದ ಜಾಸ್ತಿ ಆಗುತ್ತದೆ. ಯಾರ ಬಾಯಿಂದ ಬಂದ ಮಾತು ಅಂತಲೂ ಹೇಳಿದರೆ ಇನ್ನೂ ಒಳ್ಳೇದು.

ನನ್ನ ಅಟ್ಲಾಸ್ ಎಷ್ಟು ಹಳೆಯದು ಅಂದರೆ ಅದರಲ್ಲಿ ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾ ಎಲ್ಲ ಸೇರಿದ ಯುಗೊಸ್ಲಾವಿಯಾ ಇನ್ನೂ ಒಂದೇ ದೇಶ, ಒಂದೇ ಬಣ್ಣ. 1992ರಲ್ಲಿ ಬೋಸ್ನಿಯಾ ಯುದ್ಧ ಶುರುವಾದಾಗ ಮಕ್ಕಳಿಗೆ ತೋರಿಸೋಣ ಅಂತ ಅದರ ಮೇಲೆ ಪೆನ್ಸಿಲ್‌ನಲ್ಲಿ ಹೊಸ ಗಡಿಗಳನ್ನು ಎಳೆದಿದ್ದೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆಗಳು 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದ ಸುದ್ದಿ ಬಂದಾಗ ಆ ಊರಿಗೂ ಒಂದು ಚುಕ್ಕಿ ಇಟ್ಟೆ. ಒಬ್ಬಳು ಹುಡುಗಿ ಪತ್ರಿಕೆ ತಂದು ಕೇಳಿದಳು: ‘ಟೀಚರ್, ಇದರಲ್ಲಿ ಮಹಾ ಸರ್ಬಿಯಾ ಅಂತ ಇದೆ. ಅದು ಎಲ್ಲಿಂದ ಎಲ್ಲಿಗೆ?’ ಸುದ್ದಿಯನ್ನು ಎರಡು ಸಲ ಓದಿದೆ. ಯಾವ ಊರಿನ ತನಕ ಅಂತ ಎಲ್ಲೂ ಇರಲಿಲ್ಲ. ಪೆನ್ಸಿಲ್ ಕೈಯಲ್ಲೇ ಉಳಿಯಿತು.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಒಬ್ಬ ನಿವೃತ್ತ ಭೂಗೋಳ ಶಿಕ್ಷಕಿ