ಗಿರಣಿಯ ಕತ್ತಲೆಯನ್ನು ಕುರಿತು ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಪಾಳುಬಿದ್ದ ಗಿರಣಿಯಲ್ಲಿ ತೆಗೆದು ನೀನು ಕಳುಹಿಸಿದ ನಲವತ್ತೊಂದು ಚಿತ್ರಗಳನ್ನೂ ಎರಡೆರಡು ಬಾರಿ ನೋಡಿದೆ. ಮೊದಲ ಬಾರಿ ತಂದೆಯಾಗಿ, ಎರಡನೆಯ ಬಾರಿ ಮೂವತ್ತು ವರ್ಷಗಳಿಂದ ಕ್ಯಾಮೆರಾ ಹೊತ್ತು ಓಡಾಡಿದ ಹವ್ಯಾಸಿಯಾಗಿ. ತಂದೆಯ ಕಣ್ಣಿಗೆ ಮೊದಲು ಬಿದ್ದದ್ದು ಗಿರಣಿಯ ಮೇಲಂತಸ್ತಿನ ಕೊಳೆತ ಹಲಗೆಗಳು. ಕೆಳಗಿನ ಯಂತ್ರಗಳ ಚಿತ್ರವನ್ನು ನೀನು ಆ ಹಲಗೆಗಳ ಮೇಲೆ ನಿಂತೇ ತೆಗೆದಿರಬೇಕೆಂಬುದು ಚಿತ್ರದ ಕೋನದಿಂದಲೇ ತಿಳಿಯುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲೇ ಬೈದರೆ ಮುಂದಿನದನ್ನು ನೀನು ಓದುವುದಿಲ್ಲವೆಂದು ನನಗೆ ಗೊತ್ತು.

ಹವ್ಯಾಸಿಯಾಗಿ ನೋಡಿದಾಗ ಅನಿಸಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಚಿತ್ರಗಳು ಅಚ್ಚುಕಟ್ಟಾಗಿವೆ, ಫೋಕಸ್ ಎಲ್ಲಿಯೂ ತಪ್ಪಿಲ್ಲ, ಗೆರೆಗಳು ನೇರವಾಗಿವೆ. ಆದರೂ ನೋಡಿ ಮುಗಿಸಿದ ಮೇಲೆ ‘ಎಂತಹ ಗಿರಣಿ!’ ಎಂದುಕೊಂಡೆನೇ ಹೊರತು ‘ಎಂತಹ ಚಿತ್ರ!’ ಎಂದು ಅನಿಸಲಿಲ್ಲ. ಪಾಳುಬಿದ್ದ ಕಟ್ಟಡಕ್ಕೆ ಹೋದವರೆಲ್ಲರೂ ಸಿಪ್ಪೆಯೆದ್ದ ಬಣ್ಣವನ್ನು, ಒಡೆದ ಗಾಜನ್ನು, ಖಾಲಿ ಹಜಾರದ ನಟ್ಟನಡುವೆ ಇರುವ ಒಂಟಿ ಕುರ್ಚಿಯನ್ನು ತಂದೇ ತರುತ್ತಾರೆ. (ನಿಜ ಹೇಳು, ಆ ಕುರ್ಚಿ ಅಲ್ಲಿಯೇ ಇತ್ತೋ, ನೀನು ಎಳೆದು ತಂದು ಇಟ್ಟೆಯೋ?) ಸಾಲದೆಂಬಂತೆ ನೆರಳುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬೆಳಗಿಸಿ, ತುಕ್ಕಿನ ಬಣ್ಣವನ್ನು ಕುಂಕುಮದಷ್ಟು ಕೆಂಪಾಗಿಸಿದ್ದೀಯೆ. ಹೊಸ ಜಾಗಕ್ಕೆ ಹೋಗಿ, ಹಳೆಯ ರೀತಿಯಲ್ಲಿಯೇ ನಿಂತು ತೆಗೆದ ಚಿತ್ರಗಳು ಅವು. ನೀನು ಹುಡುಕುತ್ತಿರುವ ಹೊಸತನವು ಜಾಗದ ಅಪರೂಪದಿಂದ ತಾನಾಗಿ ಬರುವುದಿಲ್ಲ. ಆ ಜಾಗ ನಿನಗೆ ಏನನ್ನು ಕೊಡಲು ಒಪ್ಪುವುದಿಲ್ಲವೋ ಅದನ್ನು ಗುರುತಿಸಿ, ಅದಕ್ಕೆ ತಕ್ಕ ದಾರಿಯನ್ನು ಹುಡುಕತೊಡಗಿದಾಗ ಬರುತ್ತದೆ ಎಂಬುದು ನನ್ನ ನಂಬಿಕೆ.

ಪ್ಯಾರಿಸ್ಸಿನ ಛಾಯಾಗ್ರಾಹಕ ನಾಡಾರ್‌ನ ವೃತ್ತಾಂತವನ್ನು ನಿನಗೆ ಹೇಳಿದ್ದೇನೋ ಇಲ್ಲವೋ ನೆನಪಿಲ್ಲ. 1858ರಲ್ಲಿ ಅವನು ಬಲೂನಿನ ಬುಟ್ಟಿಯಲ್ಲಿ ಕುಳಿತು ಆಕಾಶದಿಂದ ಭೂಮಿಯ ಚಿತ್ರ ತೆಗೆಯಲು ಹೊರಟ. ಆಗಿನ ಗಾಜಿನ ಫಲಕಗಳಿಗೆ ಅಲ್ಲಿಯೇ ದ್ರಾವಣ ಲೇಪಿಸಿ, ಒದ್ದೆಯಾಗಿರುವಾಗಲೇ ಬೆಳಕಿಗೊಡ್ಡಿ, ಕೂಡಲೇ ಸಂಸ್ಕರಿಸಬೇಕಾಗಿದ್ದುದರಿಂದ ಬುಟ್ಟಿಯೊಳಗೇ ಕತ್ತಲೆಯ ಗುಡಾರವೊಂದನ್ನು ಕಟ್ಟಿಕೊಂಡಿದ್ದ. ಆದರೆ ಎಷ್ಟು ಬಾರಿ ಪ್ರಯತ್ನಿಸಿದರೂ ಫಲಕಗಳು ಕಪ್ಪಾಗಿಯೇ ಹೊರಬರುತ್ತಿದ್ದವು. ತಲೆಯ ಮೇಲೆ ತೆರೆದುಕೊಂಡಿದ್ದ ಬಲೂನಿನ ಬಾಯಿಯಿಂದ ಸೋರುತ್ತಿದ್ದ ಅನಿಲದಲ್ಲಿನ ಹೈಡ್ರೋಜನ್ ಸಲ್ಫೈಡ್ ಫಲಕಗಳ ಮೇಲಿನ ಬೆಳ್ಳಿಯ ಲವಣಗಳನ್ನು ಕೆಡಿಸುತ್ತಿದೆ ಎಂದು ಹೊಳೆದ ಮೇಲೆ, ಆ ಬಾಯಿಯನ್ನು ಮುಚ್ಚಿ ಮೇಲೇರಿದಾಗ ಮಾತ್ರ ಚಿತ್ರ ಸಿಕ್ಕಿತು. ಆ ಚಿತ್ರ ಇಂದು ಉಳಿದಿಲ್ಲ. ಮೂರು ವರ್ಷಗಳ ನಂತರ ಅದೇ ಮನುಷ್ಯ ನೆಲದಡಿಗೆ ಇಳಿದ. ಲಕ್ಷಾಂತರ ಜನರ ಮೂಳೆಗಳನ್ನು ಜೋಡಿಸಿಟ್ಟ ಪ್ಯಾರಿಸ್ಸಿನ ಸುರಂಗಗಳಿಗೆ. ಅಲ್ಲಿ ಹಗಲು ಎಂಬುದೇ ಇರಲಿಲ್ಲವಾದ್ದರಿಂದ ಬುನ್ಸೆನ್ ಬ್ಯಾಟರಿಗಳಿಂದ ಉರಿಯುವ ಆರ್ಕ್ ದೀಪದ ಬೆಳಕನ್ನು ತಾನೇ ಒಯ್ದ. ಒಂದೊಂದು ಚಿತ್ರಕ್ಕೆ ಹದಿನೆಂಟು ನಿಮಿಷಗಳಷ್ಟು ಬೆಳಕು ಬೇಕಾಯಿತು. ಅಷ್ಟು ಹೊತ್ತು ಯಾವ ಕೆಲಸಗಾರನೂ ಅಲುಗಾಡದೆ ನಿಲ್ಲಲಾರನೆಂದು, ಕೂಲಿಗಳ ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ. ಬೊಂಬೆ ನಿಲ್ಲಿಸುವುದಕ್ಕೂ ಕುರ್ಚಿ ಎಳೆದು ತರುವುದಕ್ಕೂ ವ್ಯತ್ಯಾಸವೇನು ಎಂದು ನೀನು ಕೇಳಬಹುದು. ಅವನ ಬೊಂಬೆಯನ್ನು ಆ ಕತ್ತಲೆಯೇ ಬೇಡಿತ್ತು. ನಿನ್ನ ಕುರ್ಚಿಯನ್ನು ಗಿರಣಿ ಬೇಡಿರಲಿಲ್ಲ.

ನನ್ನದೂ ಒಂದು ಕಥೆಯಿದೆ. ನಿನ್ನ ಅಮ್ಮ ಅದನ್ನು ಇಂದಿಗೂ ನೆನಪಿಸಿ ನಗುತ್ತಾಳೆ. ಮುಚ್ಚಿಹೋದ ಗಣಿಯೊಂದರ ಒಳಗೆ ಹೋಗಲು ತಿಂಗಳುಗಟ್ಟಲೆ ಕಾದು ಅನುಮತಿ ಪಡೆದು, ಒಂದು ಇಡೀ ಹಗಲು ಅಲ್ಲಿದ್ದು, ಮೂವತ್ತಾರು ಚಿತ್ರಗಳ ರೋಲೊಂದನ್ನು ಪೂರ್ತಿ ಮುಗಿಸಿದೆನೆಂದು ಬೀಗುತ್ತಾ ಮನೆಗೆ ಬಂದೆ. ಫಿಲ್ಮಿನ ತುದಿ ಸುತ್ತುವ ಉರುಳೆಗೆ ಸಿಕ್ಕಿಕೊಂಡೇ ಇರಲಿಲ್ಲ, ಒಂದು ಚಿತ್ರವೂ ಮೂಡಿರಲಿಲ್ಲ. ಪ್ರತಿ ಬಾರಿ ಲಿವರ್ ಎಳೆದಾಗಲೂ ಎಡಗಡೆಯ ರಿವೈಂಡ್ ಗುಂಡಿ ತಾನೂ ತಿರುಗಬೇಕು, ಅದು ತಿರುಗದಿದ್ದರೆ ಫಿಲ್ಮ್ ಚಲಿಸುತ್ತಿಲ್ಲವೆಂದು ಅರ್ಥ ಎಂಬ ಸಣ್ಣ ಸಂಗತಿಯನ್ನು ಆ ಕತ್ತಲೆಯಲ್ಲಿ ನಾನು ಗಮನಿಸಲಿಲ್ಲ. ಎರಡನೆಯ ಬಾರಿ ಹೋದಾಗ ಹೊಸತನದ ಬೆರಗು ಆರಿತ್ತು. ಎಲ್ಲಿ ನೀರು ತೊಟ್ಟಿಕ್ಕುತ್ತದೆ, ಯಾವ ತಿರುವಿನಲ್ಲಿ ಬಾಗಿಲಿನ ಬೆಳಕು ಕೊನೆಯ ಬಾರಿ ಗೋಡೆಯನ್ನು ಮುಟ್ಟುತ್ತದೆ ಎಂಬುದು ತಿಳಿದಿತ್ತು. ಆ ದಿನ ತೆಗೆದದ್ದು ಹನ್ನೊಂದೇ ಚಿತ್ರ. ನಮ್ಮ ಹಜಾರದಲ್ಲಿ ತೂಗುಹಾಕಿರುವ ಚಿತ್ರ ಆ ಹನ್ನೊಂದರಲ್ಲಿ ಒಂದು. ಹಾಗಾಗಿ ನೀನೂ ಮುಂದಿನ ತಿಂಗಳು ಇನ್ನೊಂದು ಪಾಳು ಕಟ್ಟಡವನ್ನು ಹುಡುಕುವ ಬದಲು ಇದೇ ಗಿರಣಿಗೆ ಮರಳಿ ಹೋಗಬೇಕೆಂದು ನನ್ನ ಆಸೆ.

ಗಿರಣಿ ನಿನಗೆ ಕೊಡಲೊಪ್ಪದೇ ಇದ್ದದ್ದು ಬೆಳಕು. ಅದಕ್ಕೆ ನೀನು ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಐಎಸ್‌ಒ ಮಟ್ಟವನ್ನು ಹೆಚ್ಚಿಸಿ, ಕಿಟಕಿಗಳಿರುವ ಕಡೆಗೇ ತಿರುಗಿಕೊಂಡೆ. ಹಿಂದಿನ ಗೋದಾಮು ಒಂದು ಚಿತ್ರದಲ್ಲಿಯೂ ಇಲ್ಲ. ಅಲ್ಲಿ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಐಎಸ್‌ಒ 100, ಲೆನ್ಸಿನ ಕಿಂಡಿಯಾದ ಅಪರ್ಚರನ್ನು ಎಫ್/8ಕ್ಕೆ ಇಟ್ಟು, ಷಟರನ್ನು ಎರಡು ನಿಮಿಷ ತೆರೆದಿಟ್ಟು, ಟಾರ್ಚಿನಿಂದ ಗೋಡೆಗೆ ಸುಣ್ಣ ಬಳಿದಂತೆ ಬೆಳಕನ್ನು ಬಳಿದು ನೋಡು. ಕ್ಯಾಮೆರಾದ ಪಕ್ಕದಲ್ಲಿಯೇ ನಿಂತು ಬೆಳಗಿದರೆ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಬದಿಗೆ ಸರಿದು, ಗೋಡೆಯನ್ನು ಸವರಿಕೊಂಡು ಹೋಗುವಂತೆ ಬೆಳಕು ಬಿಟ್ಟರೆ ಪ್ರತಿ ಇಟ್ಟಿಗೆಗೂ ತನ್ನದೇ ನೆರಳು ಬರುತ್ತದೆ. ಕಪ್ಪು ಬಟ್ಟೆ ತೊಟ್ಟು ಚಲಿಸುತ್ತಲೇ ಇದ್ದರೆ, ಟಾರ್ಚು ನಿನ್ನ ಮೇಲೆ ಬೀಳದಿದ್ದರೆ, ಚಿತ್ರದಲ್ಲಿ ನೀನು ಮೂಡುವುದೇ ಇಲ್ಲ. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಾಗೆರ್ ತನ್ನ ಕಿಟಕಿಯಿಂದ ತೆಗೆದ ಪ್ಯಾರಿಸ್ಸಿನ ಬೀದಿಯ ಚಿತ್ರದಲ್ಲಿ ಗಾಡಿಗಳೂ ಜನರೂ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬ ವ್ಯಕ್ತಿ ಮಾತ್ರ ಸ್ಪಷ್ಟವಾಗಿ ಉಳಿದದ್ದು ಇದೇ ಕಾರಣಕ್ಕೆ.

ನನಗೆ ಇದಕ್ಕಿಂತಲೂ ಹೆಚ್ಚು ಆಸೆ ಹುಟ್ಟಿಸಿರುವುದು ನಿನ್ನ ಹದಿನೇಳನೆಯ ಚಿತ್ರದಲ್ಲಿರುವ ಚಿಕ್ಕ ಕಚೇರಿ ಕೋಣೆ. ಒಂದೇ ಕಿಟಕಿ, ಎದುರಿಗೆ ಬಿಳಿಯ ಗೋಡೆ, ಹೊರಗೆ ಗಿರಣಿಯ ಚಿಮಣಿ. ಆ ಕಿಟಕಿಯನ್ನು ಕಪ್ಪು ಹಾಳೆಯಿಂದ ಬೆಳಕು ಸೋರದಂತೆ ಮುಚ್ಚಿ, ಮಧ್ಯದಲ್ಲಿ ಒಂದು ಸೆಂಟಿಮೀಟರಿನಷ್ಟು ತೂತು ಬಿಟ್ಟರೆ ಕೋಣೆಯೇ ಕ್ಯಾಮೆರಾ ಆಗುತ್ತದೆ: ಹೊರಗಿನ ಚಿಮಣಿ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಮೊದಲು ಏನೂ ಕಾಣದು. ಕಣ್ಣು ಕತ್ತಲೆಗೆ ಒಗ್ಗಲು ಹತ್ತು ಹದಿನೈದು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು. ಹೊರಗೆ ಒಳ್ಳೆಯ ಬಿಸಿಲಿದ್ದರೆ ಎಫ್/4, ಐಎಸ್‌ಒ 400 ಇಟ್ಟುಕೊಂಡು ಎರಡು ಮೂರು ನಿಮಿಷಗಳಲ್ಲಿ ಆ ಗೋಡೆಯ ಚಿತ್ರವನ್ನು ತೆಗೆಯಬಹುದೆಂದು ನನ್ನ ಲೆಕ್ಕ. ಅಬೆಲಾರ್ಡೊ ಮೊರೆಲ್ ಎಂಬ ಛಾಯಾಗ್ರಾಹಕ 1991ರಲ್ಲಿ ತನ್ನ ಮನೆಯ ಕೋಣೆಯಲ್ಲಿಯೇ ಇಂತಹ ಪ್ರಯೋಗವನ್ನು ಆರಂಭಿಸಿ, ಫಿಲ್ಮಿನಲ್ಲಿ ಗಂಟೆಗಟ್ಟಲೆ ಬೆಳಕು ಹಿಡಿಯುತ್ತಿದ್ದ. ಹೊರಗಿನ ಚಿಮಣಿ ಒಳಗಿನ ಬಿರುಕು ಗೋಡೆಯ ಮೇಲೆ ತಲೆಕೆಳಗಾಗಿ ಬಿದ್ದಿರುವ ಒಂದೇ ಚಿತ್ರದಲ್ಲಿ, ನಿನ್ನ ನಲವತ್ತೊಂದು ಚಿತ್ರಗಳು ಹೇಳಲು ಹೊರಟದ್ದೆಲ್ಲ ಬಂದೀತೇನೋ.

ಹೋಗುವ ಮೊದಲು ಮನೆಯಲ್ಲಿ ಕೈ ಪಳಗಿಸಿಕೊಳ್ಳಬೇಕೆಂದರೆ, ಲೆನ್ಸ್ ಇಲ್ಲದಾಗ ಕ್ಯಾಮೆರಾದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳದಲ್ಲಿ ತೂತು ಕೊರೆದು, ಅದರ ಮೇಲೆ ಸೂಜಿಯಿಂದ ಚುಚ್ಚಿದ ತೆಳು ಅಲ್ಯೂಮಿನಿಯಂ ತಗಡನ್ನು ಅಂಟಿಸು. ರಂಧ್ರ 0.3 ಮಿಲಿಮೀಟರ್, ಒಳಗೆ ಬೆಳಕು ಹಿಡಿಯುವ ಸೆನ್ಸರಿಗೆ ಇರುವ ದೂರ ಸುಮಾರು 50 ಮಿಲಿಮೀಟರ್ ಎಂದಾದರೆ ಅದು ಎಫ್/167ರಷ್ಟು ಕಿರಿದಾದ ಅಪರ್ಚರಿಗೆ ಸಮ. ಐಎಸ್‌ಒ 100ರಲ್ಲಿ ಪೂರ್ಣ ಬಿಸಿಲಿಗೆ ಒಂದು ಸೆಕೆಂಡ್ ಸಾಕು. ಸೆನ್ಸರಿನ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ, ಗಾಬರಿಯಾಗಬೇಡ.

ಹಲಗೆಗಳ ಮಾತಿಗೆ ಬರುತ್ತೇನೆ. ಹಳೆಯ ಮರದ ನೆಲದ ಮೇಲೆ ನಡೆಯಲೇಬೇಕಾದರೆ ಅಡಿಯಲ್ಲಿ ತೊಲೆಗಳಿರುವ, ಗೋಡೆಗೆ ಅಂಟಿದ ಅಂಚಿನಲ್ಲಿ ನಡೆಯಬೇಕು. ಆ ಗಿರಣಿಯ ಮೇಲಂತಸ್ತಿಗೆ ಮಾತ್ರ ಮತ್ತೆ ಹತ್ತಲೇಬೇಡ. ಅಲ್ಲಿಂದ ಬರುವ ಯಾವ ಚಿತ್ರವೂ ನನಗೆ ಬೇಡ. ತಗ್ಗಿನ ನೆಲಮಾಳಿಗೆಗೂ ಇಳಿಯಬೇಡ. ನಾಡಾರ್‌ನ ಫಲಕಗಳನ್ನು ಕೆಡಿಸಿದ ಅದೇ ಅನಿಲ ನಿಂತ ಕೊಳಚೆಯಲ್ಲಿಯೂ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ, ಆದ್ದರಿಂದ ವಾಸನೆ ನಿಂತಿತೆಂದು ಸಮಾಧಾನಪಡುವ ಹಾಗಿಲ್ಲ. ಬಾವಲಿಗಳಿರುವ ಕೋಣೆಯಲ್ಲಿ ಫ್ಲ್ಯಾಷ್ ಬೇಡ. ಮಾಲೀಕರ ಅನುಮತಿಯನ್ನು ಬರವಣಿಗೆಯಲ್ಲಿ ಪಡೆ, ಒಬ್ಬಳೇ ಹೋಗಬೇಡ. ಇದರಲ್ಲಿ ಚೌಕಾಶಿಯಿಲ್ಲ.

ಇನ್ನೊಂದು ಸಂಗತಿ. ಗಿರಣಿಯ ನೆಲದ ಬಿರುಕುಗಳಲ್ಲಿ ಜರೀಗಿಡಗಳು ಬೆಳೆದಿರುವುದನ್ನು ಒಂದು ಚಿತ್ರದ ಮೂಲೆಯಲ್ಲಿ ಕಂಡೆ. 1842ರಲ್ಲಿ ವಿಜ್ಞಾನಿ ಹರ್ಷೆಲ್ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನವನ್ನು ಕಂಡುಹಿಡಿದ ಮರುವರ್ಷವೇ, ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ ಕ್ಯಾಮೆರಾ ಇಲ್ಲದೆಯೇ ಕಡಲಪಾಚಿಗಳನ್ನು ನೇರವಾಗಿ ಆ ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ಅವುಗಳ ಆಕಾರಗಳನ್ನು ಪುಸ್ತಕವಾಗಿಸತೊಡಗಿದಳು. ಆಕೆಯ ತಂದೆ ವಿಜ್ಞಾನಿ, ಹರ್ಷೆಲನ ಸ್ನೇಹಿತ. ಮಗಳಿಗೆ ಚಿಕ್ಕಂದಿನಿಂದ ವಿಜ್ಞಾನದ ರುಚಿ ಹತ್ತಿಸಿದವನು. (ಇದನ್ನು ನಾನು ಉದ್ದೇಶಪೂರ್ವಕವಾಗಿಯೇ ಬರೆದಿದ್ದೇನೆ.) ಲೇಪಿಸಿ ಒಣಗಿಸಿದ ನಾಲ್ಕಾರು ಹಾಳೆಗಳನ್ನು ಕಪ್ಪು ಲಕೋಟೆಯಲ್ಲಿಟ್ಟು ಒಯ್ದರೆ ಆ ಜರೀಗಿಡಗಳನ್ನು ಗಿರಣಿಯ ಅಂಗಳದ ಬಿಸಿಲಿನಲ್ಲಿಯೇ ಅಚ್ಚೊತ್ತಿಸಿ, ನೀರಿನಲ್ಲಿ ತೊಳೆದು ತರಬಹುದು.

ಆ ಕಚೇರಿ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ, ಅದರ ಉದ್ದಗಲವೆಷ್ಟು, ಎದುರಿನ ಗೋಡೆ ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆ. ಪೂರ್ವಕ್ಕಿದ್ದರೆ ಬೆಳಗ್ಗೆ ಸೂರ್ಯ ನೇರವಾಗಿ ತೂತಿನೊಳಕ್ಕೇ ಇಣುಕುತ್ತಾನೆ. ಚಿಮಣಿಯ ನಮ್ಮ ಕಡೆಯ ಮುಖಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನ ತಿರುಗಿದ ಮೇಲೆ, ಆದ್ದರಿಂದ ನಾವು ಊಟ ಮುಗಿಸಿಯೇ ಹೊರಡಬಹುದು. ‘ನಾವು’ ಎಂದದ್ದನ್ನು ಗಮನಿಸಿರುತ್ತೀಯೆ. ಕಪ್ಪು ಹಾಳೆ, ಟೇಪು, ಎರಡು ಟಾರ್ಚು ನನ್ನ ಬಳಿ ಸಿದ್ಧವಿವೆ. ಟ್ರೈಪಾಡ್ ಮಾತ್ರ ನೀನೇ ಹೊರಬೇಕು.

ನಿನ್ನ ಪ್ರೀತಿಯ,
ಅಪ್ಪ